ಸುಳ್ಳು ಗಿರಾಕಿ

ಮೊಮ್ಮಗಳಿಗೆ ಕೆಲಸ ಸಿಗ್ಲಿ ಅಂತ ನೀವು ಯಾವತ್ತಾದ್ರೂ ಸುಳ್ಳು ಗಿರಾಕಿ ಆಗಿದ್ದೀರಾ? ನಾನು ಆದೆ. ಕಾಲೇಜು ಮುಗಿಸ್ಕೊಂಡು ಸಂಜೆ ಹೊತ್ತು ಕೆಲಸ ಮಾಡ್ತೀನಿ ಅಂತ ನಮ್ಮ ರಮ್ಯ ದೊಡ್ಡಬಳ್ಳಾಪುರದ ಒಂದು ಸೀರೆ ಅಂಗಡೀಲಿ ಕೇಳಿದ್ಳು. ಒಂದಿನ ವ್ಯಾಪಾರ ಮಾಡಿ ತೋರ್ಸು, ಆಮೇಲೆ ನೋಡೋಣ ಅಂದಿದ್ರು ಯಜಮಾನ್ರು. ಅವತ್ತು ನಾನು ಗುರುತಿಲ್ಲದೋಳ ಥರ ಹೋಗಿ ಅವಳ ಮುಂದೆ ಕೂತೆ.

ಚೆನ್ನಾಗೈತೆ ಅಂತ ಹೊಗಳಿ ಒಂದು ಸೀರೆ ತಗೊಂಡು ಬರೋದು ನನ್ನ ಪ್ಲಾನು. ಆದ್ರೆ ನಲವತ್ತು ವರ್ಷ ಮಗ್ಗದಲ್ಲಿ ದುಡಿದ ಕೈ ಕೇಳ್ಬೇಕಲ್ಲ, ಸೀರೆ ಮಗುಚಿ ಹಿಂಬದಿ ನೋಡೇಬಿಡ್ತು. "ಇಲ್ಲಿ ಎಳೆ ತಪ್ಪೈತಲ್ಲಮ್ಮ" ಅಂತ ಬಾಯೂ ಅಂದ್ಬಿಡ್ತು. ಪಕ್ಕದಲ್ಲಿದ್ದ ಇಬ್ರು ಹೆಂಗಸ್ರು ಕೈಲಿದ್ದ ಸೀರೆ ಕೆಳಗಿಟ್ರು. ಮೊಮ್ಮಗಳ ಕೆಲಸ ನಾನೇ ಕಳೆದೆ ಅಂದ್ಕೊಂಡೆ.

ರಮ್ಯ ಮಾತ್ರ "ಹೌದಮ್ಮ, ತಪ್ಪಿದೆ" ಅಂತ ಅದನ್ನ ಎತ್ತಿಟ್ಟು, ಬೇರೆ ಸೀರೆಗಳನ್ನ ಮಗುಚಿ ಹಿಂಬದಿನೇ ಮೊದ್ಲು ತೋರ್ಸಿದ್ಳು. ಆ ಇಬ್ರೂ ನಂಬಿ ಒಂದೊಂದು ತಗೊಂಡ್ರು.

ನಾನು ಮೆಲ್ಲಗೆ ಚಪ್ಪಲಿ ಹಾಕ್ಕೊಳ್ತಿದ್ದಾಗ ಯಜಮಾನ್ರು ಹಿಂದಿಂದ ಅಂದ್ರು: "ನೀವೂ ಆ ಹುಡುಗೀನೂ ಸೀರೆ ಮಗುಚೋದು ಒಂದೇ ಥರ ಇದೆಯಲ್ಲಜ್ಜಿ. ಮೊಮ್ಮಗಳು ನಾಳೆಯಿಂದ ಬರ್ಲಿ. ನೀವು ಗಿರಾಕಿಯಾಗಿ ಎದುರುಗಡೆ ಸೀರೆ ಅಂಗಡಿಗೆ ಹೋಗಿ."