ಕಿಟಕಿಯಾಚೆಯ ಹಾಜರಿ

ತುಮಕೂರಿನ ಕಾಲೇಜೊಂದಕ್ಕೆ ಚರಿತ್ರೆಯ ಅಧ್ಯಾಪಕಿಯಾಗಿ ಸೇರಿದಾಗ ನನಗೆ ಇಪ್ಪತ್ತಾರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಕೊನೆಯ ಬೆಂಚಿನ ಹುಡುಗರು ನನಗಿಂತ ಎತ್ತರವಿದ್ದರು. ಒಂದಿಬ್ಬರು ಮೀಸೆ ತಿರುವಿಕೊಂಡೇ ಹಾಜರಿ ಹೇಳುತ್ತಿದ್ದರು. ಮೊದಲ ವಾರವೇ ಹಿರಿಯ ಅಧ್ಯಾಪಕರೊಬ್ಬರು, "ಬೆಲ್ ಹೊಡೀತಿದ್ದಂಗೆ ಬಾಗ್ಲು ಹಾಕ್ಬುಡಿ ಮೇಡಂ. ಒಂದ್ಸಲ ಸಡ್ಲ ಬಿಟ್ರೆ ಆಮೇಲೆ ಹಿಡಿಯೋಕಾಗಲ್ಲ" ಎಂದು ಬುದ್ಧಿ ಹೇಳಿದರು. ಹಾಗೇ ಮಾಡಿದೆ. ಒಂಬತ್ತಕ್ಕೆ ಬೆಲ್, ಬೆಲ್ಲಿನ ಹಿಂದೆಯೇ ಚಿಲಕ. ಆ ಸದ್ದಿಗೆ ಇಡೀ ತರಗತಿ ತೆಪ್ಪಗಾಗುತ್ತಿತ್ತು. ಅದು ನನಗೆ ಇಷ್ಟವಾಗುತ್ತಿತ್ತು ಎಂಬುದನ್ನು ಈಗ ಮುಚ್ಚಿಟ್ಟು ಪ್ರಯೋಜನವಿಲ್ಲ.

ಎರಡನೇ ವರ್ಷದ ಬಿ.ಎ.ಯಲ್ಲಿ ಒಬ್ಬ ಹುಡುಗಿ ನಿಟ್ಟೂರಿನಿಂದ ಬೆಳಗಿನ ಪ್ಯಾಸೆಂಜರ್ ಗಾಡಿಯಲ್ಲಿ ಬರುತ್ತಿದ್ದಳು. ಗಾಡಿ ತಡವಾದ ದಿನ ಅದರಲ್ಲಿ ಬಂದ ಬೇರೆಯವರು, ಬಾಗಿಲು ಹಾಕಿದ್ದು ನೋಡಿ ಲೈಬ್ರರಿಯ ಮೆಟ್ಟಿಲ ಮೇಲೆ ಕೂತು ಹರಟುತ್ತಿದ್ದರು. ಇವಳು ಹೋಗುತ್ತಿರಲಿಲ್ಲ. ಒಂಬತ್ತೂಕಾಲರ ಹೊತ್ತಿಗೆ ಕಾರಿಡಾರಿನಲ್ಲಿ ಹವಾಯಿ ಚಪ್ಪಲಿಯ ಸದ್ದು ಬೇಗಬೇಗ ಬಂದು, ಕಿಟಕಿಯ ಬಳಿ ನಿಲ್ಲುತ್ತಿತ್ತು. ನೋಟ್‌ಬುಕ್ಕನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ನಿಂತೇ ಬರೆದುಕೊಳ್ಳುತ್ತಿದ್ದಳು. ಅಲ್ಲಿಂದ ಬೋರ್ಡು ಕಾಣುತ್ತಿರಲಿಲ್ಲ. ನಾನು ಇಸವಿಯನ್ನು ಬಾಯಲ್ಲಿ ಹೇಳದೆ ಬರೀ ಬೋರ್ಡಿನ ಮೇಲೆ ಬರೆದರೆ ಅವಳ ಪೆನ್ನು ನಿಂತುಬಿಡುತ್ತಿತ್ತು. ತಲೆಯೆತ್ತಿ ನನ್ನನ್ನು ನೋಡುತ್ತಿದ್ದಳು.

ಒಂದು ದಿನ ಆ ನೋಟವನ್ನು ತಡೆಯಲಾಗಲಿಲ್ಲ. ವಿಜಯನಗರದ ಪಾಠವನ್ನು ಅರ್ಧಕ್ಕೇ ಬಿಟ್ಟು ಹೋಗಿ ಕಿಟಕಿಯ ಬಾಗಿಲು ಹಾಕಿದೆ. ಕಟ್ಟೆಯ ಮೇಲಿದ್ದ ಬೆರಳುಗಳನ್ನು ಅವಳು ಚಕ್ಕನೆ ಹಿಂದಕ್ಕೆಳೆದುಕೊಂಡದ್ದು ಕಂಡಿತು. "ಸೆಕೆ ಆಯ್ತದೆ ಮಿಸ್" ಎಂದು ಒಳಗಿದ್ದವರು ಯಾರೋ ಅಂದರು. ನಾನು ಕೇಳಿಸದವಳಂತೆ ಪಾಠ ಮುಂದುವರಿಸಿದೆ.

ಆ ವರ್ಷವೇ ವಿಶ್ವವಿದ್ಯಾನಿಲಯದಿಂದ ಒಂದು ಸುತ್ತೋಲೆ ಬಂತು. ಪಾಠಕ್ರಮದ ಬಗ್ಗೆ, ಕಾಲೇಜಿನ ಅನುಕೂಲಗಳ ಬಗ್ಗೆ ವಿದ್ಯಾರ್ಥಿಗಳ ಅಭಿಪ್ರಾಯ ಸಂಗ್ರಹಿಸಿ ಕಳಿಸಬೇಕು ಎಂದು. ಪ್ರಿನ್ಸಿಪಾಲರು ಆ ಕೆಲಸವನ್ನು ಎಲ್ಲರಿಗಿಂತ ಚಿಕ್ಕವಳಾದ ನನಗೆ ಒಪ್ಪಿಸಿದರು. ತರಗತಿಗೆ ಚೀಟಿ ಹಂಚಿ, "ಹೆಸರು ಬರೀಬೇಡಿ, ಕಷ್ಟ ಏನಿದ್ರೂ ಬರೀರಿ" ಎಂದೆ. ಹೆಚ್ಚಿನವರು ಕುಡಿಯುವ ನೀರು, ಸೈಕಲ್ ಸ್ಟ್ಯಾಂಡು, ಲೈಬ್ರರಿಯಲ್ಲಿ ಪುಸ್ತಕ ಸಿಗದ್ದು ಬರೆದಿದ್ದರು. ಒಂದು ಚೀಟಿಯಲ್ಲಿ ಹೀಗಿತ್ತು: "ಗುಬ್ಬಿಯಲ್ಲಿ ಗಾಡಿ ನಿಲ್ಲಿಸುತ್ತಾರೆ. ನಮಗೆ ಮೊದಲನೇ ಪೀರಿಯಡ್ ಸಿಗುವುದಿಲ್ಲ. ಬಾಗಿಲು ಹಾಕಿರುತ್ತಾರೆ. ಇದರಲ್ಲಿ ನಮ್ಮ ತಪ್ಪೇನು?"

ಚೀಟಿಗಳನ್ನು ಓದಿದವಳು ನಾನೊಬ್ಬಳೇ. ಯಾರು ಬರೆದದ್ದು ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಸಿಟ್ಟು ಬಂತು, ಅವಮಾನವೂ ಆಯಿತು. ಆ ಚೀಟಿಯನ್ನು ಪುಸ್ತಕವೊಂದರೊಳಗೆ ತೂರಿಸಿ ವರದಿಯಲ್ಲಿ ನೀರು, ಸೈಕಲ್ಲು, ಪುಸ್ತಕ ಎಲ್ಲ ಬರೆದೆ. ಕೊನೆಗೆ 'ಬೋಧನೆಯ ಬಗ್ಗೆ ದೂರುಗಳಿಲ್ಲ' ಎಂಬ ಸಾಲನ್ನೂ ಸೇರಿಸಿದೆ.

ಪರೀಕ್ಷೆ ಹತ್ತಿರ ಬಂದಾಗ ಹಾಜರಿ ಕಡಿಮೆಯಿದ್ದವರ ಪಟ್ಟಿಯಾಯಿತು. ಚರಿತ್ರೆಯಲ್ಲಿ ಅವಳ ಹೆಸರೂ ಇತ್ತು. ಪಟ್ಟಿಗೆ ನಾನು ಸಹಿ ಹಾಕಿದೆ. ಮಾರನೆಯ ದಿನ ಅವಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು.

"ಮಿಸ್, ನಾನು ದಿನಾ ಬಂದಿದೀನಿ."

"ಹಾಜರಿ ಪುಸ್ತಕದಲ್ಲಿ ಇಲ್ವಲ್ಲಮ್ಮ."

"ಕಿಟಕಿ ಹತ್ರ ಇರ್ತಿದ್ದೆ. ನೀವೇ ನೋಡಿದೀರ."

"ನೋಡಿದ್ದನ್ನೆಲ್ಲ ಹಾಜರಿ ಅಂತ ಬರಿಯೋಕಾಗುತ್ತಾ?"

ಅವಳು ಅಳಲಿಲ್ಲ. "ಸರಿ ಮಿಸ್" ಎಂದು ಹೋದಳು. ಅವಳಿಗೆ ಹಾಲ್ ಟಿಕೆಟ್ ಸಿಗಲಿಲ್ಲ. ರಜೆ ಮುಗಿದು ಕಾಲೇಜು ಶುರುವಾದಾಗ ಅವಳು ಬರಲಿಲ್ಲ.

ಬರುತ್ತಿದ್ದುದು ಚಪ್ಪಲಿಯ ಸದ್ದು. ಇದನ್ನು ಯಾರಿಗೂ ಹೇಳಿರಲಿಲ್ಲ. ಒಂಬತ್ತೂಕಾಲಾಗುತ್ತಿದ್ದಂತೆ ಕಾರಿಡಾರಿನಲ್ಲಿ ಅದೇ ಬೇಗಬೇಗನೆಯ ಪಟಪಟ ಕೇಳಿ ನನ್ನ ಕೈಯ ಸೀಮೆಸುಣ್ಣ ನಿಲ್ಲುತ್ತಿತ್ತು. ತಿರುಗಿ ನೋಡಿದರೆ ಕಟ್ಟೆಯ ಮೇಲೆ ಬಿಸಿಲು ಬಿದ್ದಿರುತ್ತಿತ್ತು, ಬೇರೇನೂ ಇರುತ್ತಿರಲಿಲ್ಲ. ಬೋರ್ಡಿನ ಮೇಲೆ ಇಸವಿ ಬರೆದಾಗಲೆಲ್ಲ ಕಿಟಕಿಯ ಕಡೆ ಮುಖ ಮಾಡಿ ಗಟ್ಟಿಯಾಗಿ ಓದಿ ಹೇಳುವ ಅಭ್ಯಾಸವಾಯಿತು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದರು.

ಗುಬ್ಬಿಯಲ್ಲಿ ನನ್ನ ಚಿಕ್ಕಮ್ಮನ ಮನೆಯಿತ್ತು. ಒಂದು ಭಾನುವಾರ ಅಲ್ಲಿ ಉಳಿದು, ಸೋಮವಾರ ಬೇಕೆಂದೇ ಆ ಪ್ಯಾಸೆಂಜರ್ ಹತ್ತಿದೆ. ನಿಟ್ಟೂರಿನ ಕಡೆಯಿಂದ ಬಂದ ನನ್ನ ವಿದ್ಯಾರ್ಥಿಗಳು ನಾಲ್ಕೈದು ಜನ ಆ ಡಬ್ಬಿಯಲ್ಲೇ ಇದ್ದರು. ನನ್ನನ್ನು ಕಂಡು ಮಾತು ನಿಲ್ಲಿಸಿ, ಎದ್ದು ಜಾಗ ಬಿಟ್ಟರು. ಗಾಡಿ ಹೊರಡಲಿಲ್ಲ. ಎದುರಿನಿಂದ ಬರುವ ಎಕ್ಸ್‌ಪ್ರೆಸ್ ದಾಟುವ ತನಕ ಅಲ್ಲೇ ಕಾಯಬೇಕಂತೆ. ಇರುವುದೊಂದೇ ಹಳಿ. ಎಂಜಿನ್ನು ಉಸ್ ಎನ್ನುತ್ತ ನಿಂತಿತ್ತು. ನಾನು ಗಡಿಯಾರ ನೋಡಿದೆ, ಮತ್ತೆ ನೋಡಿದೆ. ಎದುರು ಕೂತ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಮಿಸ್, ಇವತ್ತು ನೀವೂ ನಮ್ ಜೊತೆ ಆಚೆಗೇನಾ?"

ತುಮಕೂರಿನ ಸ್ಟೇಷನ್ನಿಂದ ಅವರ ಜೊತೆ ಓಡುನಡಿಗೆಯಲ್ಲಿ ಬಂದೆ. ಸೆರಗು ಬೆವರಿಗೆ ಅಂಟಿತ್ತು. ಕಾರಿಡಾರಿಗೆ ಬಂದಾಗ ನನ್ನ ಚಪ್ಪಲಿಗಳೇ ಪಟಪಟ ಎನ್ನುತ್ತಿದ್ದವು. ತರಗತಿಯ ಬಾಗಿಲು ತೆರೆದಿತ್ತು, ಊರಿನ ಮಕ್ಕಳು ಒಳಗೆ ಗದ್ದಲ ಮಾಡುತ್ತ ಕೂತಿದ್ದರು. ನನ್ನ ಹಿಂದೆ ಬಂದವರು ಹೊಸ್ತಿಲಾಚೆಯೇ ನಿಂತರು. "ಬನ್ನಿ ಒಳಗೆ" ಎಂದೆ. ನಂಬಿಕೆ ಬರದೆ ಒಬ್ಬೊಬ್ಬರಾಗಿ ಬಂದರು.

ಅದೇ ಮಧ್ಯಾಹ್ನ ಪ್ರಿನ್ಸಿಪಾಲರ ಮುಂದೆ ಚೀಟಿಯನ್ನಿಟ್ಟೆ.

"ವರದಿ ಕಳ್ಸಿ ವರ್ಷ ಆಯ್ತಲ್ಲಮ್ಮ. ಇದೆಲ್ಲಿತ್ತು?" ಎಂದರು.

"ಪುಸ್ತಕದಲ್ಲಿ ಸೇರಿಕೊಂಡಿತ್ತು ಸರ್."

ಅದು ಸುಳ್ಳಲ್ಲ, ನಿಜವೂ ಅಲ್ಲ. ಅವರು ಚೀಟಿಯನ್ನು ಎರಡು ಸಲ ಓದಿದರು. "ರೈಲ್ವೆಯೋರಿಗೆ ಬರೆದ್ರೆ ಯಾರು ಕೇಳ್ತಾರೆ? ವಿಶ್ವವಿದ್ಯಾನಿಲಯಕ್ಕೆ ಬರೆದ್ರೂ ಫೈಲಲ್ಲಿ ಕೂರುತ್ತೆ."

"ಬೆಲ್ ನಮ್ಮ ಕೈಲಿದೆಯಲ್ಲ ಸರ್" ಎಂದೆ.

ವೇಳೆ ಬದಲಾಯಿಸುವುದು ಸುಮ್ಮನೆ ಆಗಲಿಲ್ಲ. ಸಂಜೆ ಬೇಗ ಮನೆ ಸೇರಬೇಕಾದ ಅಧ್ಯಾಪಕರು ಗೊಣಗಿದರು, ಪ್ರಾಕ್ಟಿಕಲ್ಸ್ ಇರುವವರು ಲೆಕ್ಕ ಹಾಕಿ ತೋರಿಸಿದರು. ಮುಂದಿನ ಟರ್ಮಿನಿಂದ ಕಾಲೇಜು ಒಂಬತ್ತೂಮುಕ್ಕಾಲಿಗೆ ಶುರುವಾಯಿತು. ಗಾಡಿ ಇನ್ನೂ ತಡವಾದರೆ ಸ್ಟೇಷನ್ನಿನಿಂದ ಬಂದವರನ್ನು ಒಳಗೆ ಬಿಡಬೇಕೆಂದೂ ಆಯಿತು. ಆ ವರ್ಷ ರೈಲಿನ ಮಕ್ಕಳಲ್ಲಿ ಒಬ್ಬರ ಹೆಸರೂ ಹಾಜರಿ ಕೊರತೆಯ ಪಟ್ಟಿಯಲ್ಲಿ ಬರಲಿಲ್ಲ. ಪ್ರಿನ್ಸಿಪಾಲರು ವಾರ್ಷಿಕೋತ್ಸವದಲ್ಲಿ ನನ್ನನ್ನು ನಿಲ್ಲಿಸಿ ಹೊಗಳಿದರು. ಚಪ್ಪಾಳೆಯ ನಡುವೆ ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

ಕಿಟಕಿಯ ಬಳಿ ನಿಲ್ಲುತ್ತಿದ್ದವಳು ಕುಣಿಗಲ್ಲಿನ ಅಕ್ಕನ ಮನೆಯಲ್ಲಿದ್ದಾಳೆಂದು ನಿಟ್ಟೂರಿನ ಹುಡುಗಿಯರಿಂದ ಆಗಲೇ ತಿಳಿದಿತ್ತು. ಹೋಗಲು ಧೈರ್ಯ ಬಂದಿರಲಿಲ್ಲ. ಆರೇಳು ವರ್ಷಗಳ ಮೇಲೆ ಪರೀಕ್ಷೆಯ ಕೆಲಸಕ್ಕೆಂದು ನನ್ನನ್ನು ಕುಣಿಗಲ್ಲಿಗೆ ಹಾಕಿದರು. ವಿಚಾರಿಸಿಕೊಂಡು ಹೋದೆ. ಅವಳು ಶಿಶುವಿಹಾರವೊಂದರಲ್ಲಿ ಟೀಚರಾಗಿದ್ದಳು. ಮಕ್ಕಳಿಗೆ ಉಪ್ಪಿಟ್ಟು ಬಡಿಸುತ್ತಿದ್ದವಳು ನನ್ನನ್ನು ಒಂದೇ ನೋಟಕ್ಕೆ ಗುರುತು ಹಿಡಿದು, ಕೈ ಒರೆಸಿಕೊಂಡು ಸ್ಟೂಲು ತಂದಿಟ್ಟಳು.

ಮನೆಯಿಂದ ಬಾಯಿಪಾಠ ಮಾಡಿಕೊಂಡು ಹೋಗಿದ್ದನ್ನೆಲ್ಲ ಹೇಳಿದೆ. ಟೈಮ್ ಬದಲಾಯಿತು, ನಿನ್ನ ಚೀಟಿಯಿಂದ ಎಷ್ಟೋ ಜನಕ್ಕೆ ಒಳ್ಳೆಯದಾಯಿತು, ಅದನ್ನು ನಾನು ಒಂದು ವರ್ಷ ಬಚ್ಚಿಟ್ಟಿದ್ದೆ, ತಪ್ಪಾಯಿತು ಎಂದೆ.

ಅವಳು ಹುಬ್ಬು ಗಂಟಿಕ್ಕಿದಳು. "ಯಾವ ಚೀಟಿ ಮಿಸ್?"

"ಗುಬ್ಬಿ, ಗಾಡಿ ಅಂತ ಬರೆದಿದ್ಯಲ್ಲ."

"ನಾನಲ್ಲ ಮಿಸ್. ಯಾರ್ ಬರೆದ್ರೋ ಗೊತ್ತಿಲ್ಲ. ನಾನು ಖಾಲಿ ಚೀಟಿ ಮಡಚಿ ಕೊಟ್ಟೆ."

"ಯಾಕಮ್ಮ?"

"ಓದೋರು ನೀವೇ ತಾನೆ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಮಗುವೊಂದು ತಟ್ಟೆ ಬೀಳಿಸಿತು, ಅವಳು ಎದ್ದು ಹೋದಳು.

ಹೊರಡುವಾಗ, ಖಾಸಗಿಯಾಗಿ ಪರೀಕ್ಷೆ ಕಟ್ಟಬಹುದು, ಅರ್ಜಿ ಕಳಿಸುತ್ತೇನೆ ಎಂದೆ. "ಕಳ್ಸಿ ಮಿಸ್, ನೋಡ್ತೀನಿ" ಎಂದಳು. ಕಳಿಸಿದೆ. ತಲುಪಿತೆಂದು ಒಂದೇ ಸಾಲಿನ ಕಾರ್ಡು ಬಂತು. ಪರೀಕ್ಷೆ ಕಟ್ಟಿದಳೋ ಇಲ್ಲವೋ ನನಗೆ ತಿಳಿಯಲಿಲ್ಲ.

ಮುಂದಿನ ಸಲ ಅಭಿಪ್ರಾಯ ಕೇಳುವಾಗ, ಒಬ್ಬರ ತರಗತಿಯ ಚೀಟಿಗಳನ್ನು ಇನ್ನೊಂದು ವಿಭಾಗದವರು ಓದಲಿ ಎಂದು ಸಭೆಯಲ್ಲಿ ಹೇಳಿದೆ. ಹೊಸ ಪ್ರಿನ್ಸಿಪಾಲರು ಒಪ್ಪಿದರು. ನನ್ನ ತರಗತಿಯ ಚೀಟಿಗಳು ಅರ್ಥಶಾಸ್ತ್ರದವರ ಟೇಬಲ್ಲಿಗೆ ಹೋದವು. ಸಂಜೆ ಅವರು ಬಂದು, "ಈ ಸಲ ನಿಮ್ ಹುಡುಗ್ರು ತುಂಬಾ ಬರೆದವ್ರೆ ಮೇಡಂ" ಎಂದು ನಕ್ಕರು. ಖಾಲಿ ಚೀಟಿ ಎಷ್ಟಿದ್ದವು ಎಂದು ಕೇಳಿದೆ. ಅದನ್ನು ಅವರು ನೋಡಿರಲಿಲ್ಲ.