ಗೋಡೆಗೆ ಒತ್ತಿ ನಿಲ್ಲಿಸಿದ ಪೆಟ್ಟಿಗೆ

ಕಂಪ್ಯೂಟರ್ ರಿಪೇರಿ ಅಂಗಡಿಯ ಅಕ್ಕನಿಗೆ ಬಾಯಿ ಜೋರು, ಕೈ ಅದಕ್ಕಿಂತ ಚುರುಕು. ಯಂತ್ರ ಕೈಕೊಡುವುದನ್ನು ಕಣ್ಣಾರೆ ಕಾಣದೆ ಆಕೆ ಅದರ ಯಾವ ಭಾಗವನ್ನೂ ಬದಲಿಸುತ್ತಿರಲಿಲ್ಲ.

ಎದುರುಮನೆಯ ಬಸ್ ಡ್ರೈವರ್ ದಿನವಿಡೀ ಬಸ್ ಓಡಿಸಿ, ಮನೆಗೆ ಬಂದು ಕಂಪ್ಯೂಟರ್ ಗೇಮಿನಲ್ಲಿ ಲಾರಿ ಓಡಿಸುವ ಆಸಾಮಿ. ಆ ಲಾರಿ ಘಾಟಿ ಹತ್ತುವಾಗಲೆಲ್ಲ ಪರದೆ ಕಪ್ಪಾಗಿ ಆಟ ನಿಂತುಹೋಗುತ್ತಿತ್ತು. "ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಯ್ತು ಅಕ್ಕ, ಹೊಸದು ಹಾಕಿಬಿಡಿ" ಎಂದು ಕಂಪ್ಯೂಟರಿನ ಪೆಟ್ಟಿಗೆ ತಂದಿಟ್ಟ.

"ವಯಸ್ಸು ನಿಮಗೂ ಆಗಿದೆ. ಮನೇಲಿ ನಿಮ್ಮನ್ನ ಬದಲಾಯಿಸಿದ್ರಾ?" ಎಂದ ಅಕ್ಕ, ಕಾರ್ಡಿನ ಧೂಳು ತೆಗೆದು, ಫ್ಯಾನು ತಿರುಗುವುದನ್ನು ನೋಡಿ, ಅಂಗಡಿಯಲ್ಲೇ ಅದೇ ಘಾಟಿ ಹತ್ತಿಸಿದಳು. ಲಾರಿ ನೀರು ಕುಡಿದಷ್ಟು ಸಲೀಸಾಗಿ ಹತ್ತಿತು.

ಮನೆಗೆ ಒಯ್ದರೆ ಮತ್ತೆ ಅದೇ ರಾಗ, ಅದೇ ಹಾಡು. ಅಕ್ಕ ಟಾರ್ಚ್ ಹಿಡಿದು ಅವನ ಮನೆಗೇ ಹೋದಳು. ಮೇಜಿನ ಕೆಳಗಿನ ಇಕ್ಕಟ್ಟಾದ ಗೂಡಿನಲ್ಲಿ ಪೆಟ್ಟಿಗೆ ಕೂತಿತ್ತು. ಬೆನ್ನು ಗೋಡೆಗೆ ಅಂಟಿತ್ತು.

"ಹೇಗೆ ಪಾರ್ಕ್ ಮಾಡಿದೀನಿ ನೋಡಿ! ನಡುವೆ ಒಂದು ಕಾಗದವೂ ತೂರಲ್ಲ" ಎಂದು ಡ್ರೈವರ್ ಬೀಗಿದ.

ಅಕ್ಕ ಪೆಟ್ಟಿಗೆಯನ್ನು ಈಚೆಗೆಳೆದಳು. ಹಿಂಬದಿಯ ಜಾಲರಿಯಿಂದ ಬಿಸಿಗಾಳಿ ಅವಳ ಮುಖಕ್ಕೆ ರಪ್ಪನೆ ಹೊಡೆಯಿತು. ಸ್ವಲ್ಪ ತಣಿದ ಮೇಲೆ ಆಟ ಹಚ್ಚಿದರೆ ಲಾರಿ ಘಾಟಿ ದಾಟಿ ಆಚೆ ಊರು ಸೇರಿತು.

"ಹಾಗಾದ್ರೆ ಕಾರ್ಡು?" ಎಂದ ಡ್ರೈವರ್.

"ಅದು ಗುಂಡುಕಲ್ಲಿನ ಹಾಗಿದೆ. ನೀವು ಬಸ್ಸಿನ ಬಾಗಿಲನ್ನೇ ಗೋಡೆಗೆ ಒತ್ತಿ ನಿಲ್ಲಿಸಿದ್ರೆ, ಒಳಗಿರೋ ಜನ ಎಲ್ಲಿಂದ ಇಳೀಬೇಕು ಮಾರಾಯ್ರೆ?"