ನವಾಬನ ಬಾಯಿಂದ ತೆಗೆದ ಹಿಂಡಿ

ಮೊನ್ನೆ ಮೊಮ್ಮಗಳ ಮೊಬೈಲಿಗೆ ಅಂಗಡಿಯವರ ಸಂದೇಶ ಬಂತು. ನಾಯಿಯ ತಿನಿಸಿನ ಚೀಲಗಳು ಕೆಟ್ಟಿವೆಯಂತೆ, ತಿನ್ನಿಸಬಾರದಂತೆ, ವಾಪಸು ತಂದುಕೊಡಬೇಕಂತೆ. ಹುಡುಗಿ ಗಾಬರಿಯಾಗಿ ನಾಯಿಯನ್ನು ಎತ್ತಿಕೊಂಡು ಮಂಚ ಹತ್ತಿಬಿಟ್ಟಳು. ನಾನು ಕೂತಲ್ಲಿಂದಲೇ ಜಾಣತನ ತೋರಿಸಿದೆ: "ಅರ್ಧಾ ಚೀಲ ಚೆಲ್ತಾರೇನವ್ವಾ? ಓಣಿ ನಾಯಿಗೋಳಿಗಿ ಹಾಕಿದ್ರಾಯ್ತು." ಹೀಗಂದು ಚೀಲದ ಬಾಯಿ ಬಿಚ್ಚಿದೆ. ಎಣ್ಣೆ ಮುಗ್ಗಿದ ವಾಸನೆ ಮೂಗಿಗೆ ಹೊಡೆಯಿತು ನೋಡಿ, ಕೈ ಹಿಂದಕ್ಕೆ ತೆಗೆದೆ. ಆ ವಾಸನೆ ನನಗೆ ಹಳೆಯ ಪರಿಚಯ. ಹೇಳುತ್ತೇನೆ, ಕೂತುಕೊಳ್ಳಿ.

ಆಗ ಬೀದರ ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನೂ ಔರಾದದಿಂದ ಸೊಸೆಯಾಗಿ ಬಂದು ಬೀದರದ ಮನೆ ಸೇರಿದ ಹೊಸತು. ರಾಜ್ಯವನ್ನು ತೋರಣ ಕಟ್ಟಿ ಬರಮಾಡಿಕೊಂಡಿದ್ದರು. ನನ್ನನ್ನು ಬರಮಾಡಿಕೊಂಡದ್ದು ಹೊಸ್ತಿಲಿಗೆ ಅಡ್ಡ ಮಲಗಿದ್ದ ಒಂದು ಹೋತ. ಹೆಸರು ನವಾಬ. ತಾಯಿ ಸತ್ತ ಮರಿಯನ್ನು ಅತ್ತೆ ಸೆರಗಿನಲ್ಲಿ ಸುತ್ತಿಕೊಂಡು ಬಂದು, ಬತ್ತಿಯಿಂದ ಹಾಲು ಹನಿಸಿ ಬದುಕಿಸಿದ್ದರಂತೆ. ನಮ್ಮದು ಲಿಂಗ ಕಟ್ಟಿದ ಮನೆ. ಹೋತ ಹಾಲು ಕೊಡುವುದಿಲ್ಲ, ನಾವು ಹೋತವನ್ನು ತಿನ್ನುವುದಿಲ್ಲ. ತಿನ್ನುವ ಕೆಲಸವನ್ನೆಲ್ಲ ಅದೇ ವಹಿಸಿಕೊಂಡಿತ್ತು. ಮಾವನವರ ಟೋಪಿ, ನನ್ನ ಮದುವೆ ಸೀರೆಯ ಸೆರಗು, ಯಾವುದಕ್ಕೂ ಭೇದವೆಣಿಸಿದ್ದಿಲ್ಲ.

ಮುಂಜಾನೆ ಹೆಂಚಿನಿಂದ ಇಳಿದ ಮೊದಲ ರೊಟ್ಟಿ, ಗಾಣದಲ್ಲಿ ಎಣ್ಣೆ ತೆಗೆದುಳಿದ ಶೇಂಗಾ ಹಿಂಡಿಯ ಜೊತೆ, ನವಾಬನಿಗೆ. ಆಮೇಲೆ ಗಂಡಸರಿಗೆ, ಆಮೇಲೆ ಅತ್ತೆಗೆ, ಉಳಿದರೆ ನನಗೆ. ಅತ್ತೆ ಅದನ್ನು "ನನ್ನಪ್ಪಾ" ಎಂದು ಕರೆಯುತ್ತಿದ್ದರು, ನನ್ನನ್ನು "ಔರಾದದಾಕಿ" ಎಂದು. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ?

ಒಂದು ದಿನ ಓಣಿಯಲ್ಲಿ ಹಲಗೆ ಬಾರಿಸುವವನು ಬಂದ. "ಕೇಳ್ರೆಪ್ಪೋ ಕೇಳ್ರಿ! ಗಂಜದಾಗ ಮಾರಿದ ಶೇಂಗಾ ಹಿಂಡಿ ಕೆಟ್ಟದ! ಆಕಳಿಗಿ, ಎಮ್ಮಿಗಿ ಹಾಕಬ್ಯಾಡ್ರಿ! ಹೊಳ್ಳಿ ತಂದು ಕೊಡ್ರಿ!" ಭಾಲ್ಕಿ ಕಡೆಯಿಂದ ಗಂಜದ ಪೇಟೆಗೆ ಬಂದ ಗಾಡಿಗಳು ಮಳೆಗೆ ಸಿಕ್ಕಿ ಹಿಂಡಿಗೆ ಬೂಷ್ಟು ಹಿಡಿದಿತ್ತಂತೆ. ಅದನ್ನು ತಿಂದ ಎಮ್ಮೆಗಳು ನೆಲ ಹಿಡಿದಿದ್ದವಂತೆ.

"ನೋಡ, ಮೈಸೂರಿನವ್ರು ಬಂದ್ರು, ಹಿಂಡಿ ಭೀ ಕೆಟ್ತು" ಎಂದು ಅತ್ತೆ ತೀರ್ಪು ಕೊಟ್ಟು, ಮನೆಯ ಹಿಂಡಿಯನ್ನು ಚೀಲಕ್ಕೆ ತುಂಬಿ ಬಾಯಿ ಬಿಗಿದರು. ಅಷ್ಟಕ್ಕೇ ಮುಗಿಯಿತು ಅಂದುಕೊಂಡೆವು.

ನಮ್ಮ ಕಡೆಯವರಿಗೆ ತಿನ್ನುವ ವಸ್ತುವನ್ನು ಚೆಲ್ಲುವುದೆಂದರೆ ಜೀವ ಹೋದಂತಾಗುತ್ತದೆ. ಹಲಗೆಯವನು ಆಕಳು ಅಂದ, ಎಮ್ಮೆ ಅಂದ. ಹೋತದ ಮಾತನ್ನೇ ಎತ್ತಲಿಲ್ಲ! ಸ್ವಲ್ಪ ಹೊತ್ತಿಗೆ ಎದುರು ಮನೆಯ ಕಾಕಿ ಬುಟ್ಟಿ ಹಿಡಿದು ನಗುನಗುತ್ತ ಬಂದಳು. "ಗಂಜದ ತನಕ ಯಾರು ಹೊರ್ತಾರ್ರಿ? ಚೆಲ್ಲಾಕ ಮನಸ್ಸಾಗವಲ್ದು. ನಿಮ್ಮ ನವಾಬಗ ಏನ್ ಹಾಕಿದ್ರೂ ದಕ್ಕತದಲ್ರಿ!" ಅವಳ ಬೆನ್ನಿಗೆ ಇನ್ನೊಬ್ಬಳು. ಹಿತ್ತಲ ಗೋಡೆಯ ಮೇಲಿಂದ ಯಾರೋ ಪುಣ್ಯಾತ್ಮರು ಹಿಂಡಿಯ ಎರಡು ಹೆಂಟೆ ಎಸೆದೂ ಹೋದರು. ಅತ್ತೆ ಒನಕೆ ಹಿಡಿದು ಬಾಗಿಲಿಗೆ ನಿಂತರು.

"ಇವರ ಪುಣ್ಯೇದಾಗ ನನ್ನಪ್ಪನ ಜೀವ ಹೋಗ್ತದ! ಇದಕ್ಕ ಮನ್ಯಾಗ ಬಿಡೋದೇ ಬ್ಯಾಡ. ನಡಿ, ಗಂಜಕ್ಕ ನಮ್ ಸಂಗಟನೇ ಬರ್ಲಿ."

ಚೀಲ ನನ್ನ ತಲೆಯ ಮೇಲೆ, ಹಗ್ಗ ಅತ್ತೆಯ ಕೈಯಲ್ಲಿ, ನವಾಬ ನಡುವೆ. ಗಾಂಧಿ ಗಂಜದ ಬಾಗಿಲು ದಾಟಿದೆವೋ ಇಲ್ಲವೋ, ಇಬ್ಬರೂ ಗಕ್ಕನೆ ನಿಂತೆವು. ಊರವರು ವಾಪಸು ತಂದ ಹಿಂಡಿಯೆಲ್ಲ ಅಲ್ಲಿ ಆಳೆತ್ತರ ಗುಡ್ಡೆಯಾಗಿ ಬಿದ್ದಿದೆ! ಅದು ಎಲ್ಲಾದರೂ ಒಂದು ಕಡೆ ಇರಲೇಬೇಕಲ್ಲ ಎನ್ನುವಷ್ಟು ಬುದ್ಧಿ ನಮ್ಮಿಬ್ಬರಿಗೂ ಇರಲಿಲ್ಲ. ನವಾಬ ಜಗ್ಗಿದ ರಭಸಕ್ಕೆ ಅತ್ತೆಯ ಕೈಯಿಂದ ಹಗ್ಗ ಜಾರಿತು. ಕಣ್ಣು ಮಿಟುಕಿಸುವುದರಲ್ಲಿ ಅವನ ಬಾಯಲ್ಲಿ ದೊಡ್ಡದೊಂದು ಹೆಂಟೆ.

ದಿನಾ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದವಳು ನಾನು. ಆದರೂ ಚೀಲ ಎಸೆದು ಓಡಿದೆ. ಅವನ ಕುತ್ತಿಗೆಗೆ ಜೋತುಬಿದ್ದು, ಬಾಯೊಳಗೆ ಕೈ ತುರುಕಿ, ಹೆಂಟೆಯನ್ನು ಹಿಡಿದೆಳೆದೆ. ಬಳೆ ಒಡೆದವು. ನವಾಬ ಹೆಬ್ಬೆರಳನ್ನು ಹಿಂದಿನ ಹಲ್ಲಿನಲ್ಲಿ ಅಗಿದ. ಹಮಾಲರು ಮೂಟೆ ಇಳಿಸಿ, "ಶಾಬಾಸ್, ಅಕ್ಕಾ! ಬಿಡಬ್ಯಾಡ್ರಿ!" ಎಂದು ಕೂಗತೊಡಗಿದರು. ಹಿಂಡಿ ಹೊರಗೆ ಬಂತು, ನನ್ನ ರಕ್ತದ ಸಮೇತ.

ಅತ್ತೆ ಚೀರುತ್ತ ಓಡಿ ಬಂದರು. ನವಾಬನ ಕಡೆಗೇ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ. ಅವರು ಹಿಡಿದದ್ದು ನನ್ನ ಕೈಯನ್ನು. ಸೆರಗು ಹರಿದು ಸುತ್ತುತ್ತ ಬೈದರು: "ಖೋಡಿ, ಬಾಯಾಗ ಕೈ ಹಾಕಂತ ಯಾರ್ ಹೇಳಿದ್ರು ನಿನಗ? ಹೋತ ಇನ್ನೊಂದ ಸಿಗ್ತದ. ನೀ ಎಲ್ಲಿ ಸಿಗ್ತಿ, ಮಗಳ?"

ನಡು ಗಂಜದಲ್ಲಿ ಇಬ್ಬರೂ ಅತ್ತೆವು. ನವಾಬ ಬಂದು ಪಟ್ಟಿಯ ತುದಿಯನ್ನು ಮೇಯತೊಡಗಿದ.

ಮರುದಿನವೂ ಮೊದಲ ರೊಟ್ಟಿ ಅವನಿಗೇ ಹೋಯಿತು, ತಪ್ಪು ತಿಳಿಯಬೇಡಿ. ಎರಡನೆಯದು ಮಾತ್ರ, ಗಂಡಸರು ಕಾಯುತ್ತಿದ್ದಂತೆಯೇ, ನನ್ನ ತಾಟಿಗೆ ಬಿತ್ತು. ಔರಾದದಾಕಿ ಎಂಬ ಹೆಸರು ಗಂಜದಲ್ಲೇ ಉಳಿಯಿತು.

ಮೊನ್ನೆ ಚೀಲದ ಬಾಯಿಯನ್ನು ಬಿಗಿಯಾಗಿ ಕಟ್ಟಿದೆ. "ಓಣಿ ನಾಯಿಗಿ ಭೀ ಬ್ಯಾಡ. ಅಂಗಡಿಗಿ ನಾನೇ ಒಯ್ತೇನಿ."

"ಇದಕ್ಕ ಭೀ ಕರ್ಕೊಂಡು ನಾ ಬರ್ತೇನಿ, ಅಜ್ಜಿ."

"ಬ್ಯಾಡೇ ಬ್ಯಾಡ! ಅಲ್ಲಿ ಊರ ಚೀಲೆಲ್ಲ ಕೂಡಿರ್ತಾವ. ಇದು ಬಾಯಿ ಹಾಕಿದ್ರ ನೀ ಕೈ ಹಾಕ್ತಿ. ನಾಯಿ ಇನ್ನೊಂದ ಸಿಗ್ತದ…"

ಮಂಚದ ಮೇಲಿಂದ ನಾಯಿ ನನ್ನ ಮುಖ ನೋಡಿತು. ಹುಡುಗಿ ಅದನ್ನು ಇನ್ನಷ್ಟು ಅವಚಿಕೊಂಡಳು. ನವಾಬ ಮುಪ್ಪಾಗಿ ತೀರಿಹೋದ ಮೇಲೆ ಅತ್ತೆ ಮತ್ತೊಂದು ಮರಿಯನ್ನು ತಂದಿರಲಿಲ್ಲ. ಅವನ ಗೂಟವನ್ನೂ ಕೀಳಗೊಟ್ಟಿರಲಿಲ್ಲ. ಅಂದು ಗಂಜದಲ್ಲಿ ಅವರು ನನಗಾಗಿ ಎಷ್ಟು ದೊಡ್ಡ ಸುಳ್ಳು ಹೇಳಿದ್ದರೆಂದು ಈಗ ತಿಳಿಯಿತು.